ಟೆನ್ನಿ ಬೆಟ್ಟದ ಎರಡು ಎಕರೆ

ಪೆಲ್ಟನ್, ವರ್ಮಾಂಟ್
14 ಅಕ್ಟೋಬರ್ 1995

ಶ್ರೀಮತಿ ಆರ್ಡಿಸ್ ಟೆನ್ನಿ ಅವರಿಗೆ,

ಪೆಲ್ಟನ್ ಕಣಿವೆ ಭೂ ಟ್ರಸ್ಟಿನ ಪರವಾಗಿ ವಂದನೆಗಳು. ತಾವು ಮತ್ತು ತಮ್ಮ ಪತಿ ದಿವಂಗತ ರಾಯ್ ಟೆನ್ನಿಯವರು ಟ್ರಸ್ಟಿಗೆ ಬರೆದುಕೊಟ್ಟ ಕರಾರಿನ ಪ್ರಕಾರ ಟೆನ್ನಿ ಬೆಟ್ಟದ ಜಮೀನನ್ನು ವರ್ಷಕ್ಕೊಮ್ಮೆ ಗಡಿಯುದ್ದಕ್ಕೂ ನಡೆದು ನೋಡತಕ್ಕದ್ದು. ಈ ವರ್ಷದ ನಡಿಗೆಯನ್ನು ನಾನು ಮೊನ್ನೆ ಮುಗಿಸಿದೆ. ಜಮೀನನ್ನು ತಾವು ನೇಟ್ ಮತ್ತು ಹಾನಾ ಪ್ರೂಯಿಟ್ ದಂಪತಿಗೆ ಮಾರಿರುವುದರಿಂದ ವರದಿ ಅವರಿಗೆ ಸೇರತಕ್ಕದ್ದು. ಆದರೆ ರಸ್ತೆ ಪಕ್ಕದ ಎರಡು ಎಕರೆಯನ್ನು ಮುಂದೆ ಮನೆ ಕಟ್ಟಿಕೊಳ್ಳಲೆಂದು ಕರಾರಿನಿಂದ ಹೊರಗಿಟ್ಟು ತಮ್ಮ ಹೆಸರಿನಲ್ಲೇ ಉಳಿಸಿಕೊಂಡಿದ್ದೀರಿ. ಆದ್ದರಿಂದ ನಿಯಮದಂತೆ ತಮಗೂ ಒಂದು ಪ್ರತಿ.

ಕಲ್ಲುಗೋಡೆ ಎಲ್ಲೂ ಕಳಚಿಲ್ಲ. ಜಮೀನಿನಲ್ಲಿ ಹೊಸ ಕಟ್ಟಡ, ಹೊಸ ದಾರಿ, ಕಸದ ಗುಡ್ಡೆ ಯಾವುದೂ ಇಲ್ಲ. ಹಳ್ಳದ ಎರಡೂ ದಂಡೆಯ ಗಿಡಗಂಟಿಯನ್ನು ಕರಾರಿನಂತೆ ಹಾಗೆಯೇ ಬಿಟ್ಟಿದ್ದಾರೆ. ಮೇಲಿನ ಹುಲ್ಲುಗಾವಲನ್ನು ಬಾಬೊಲಿಂಕ್ ಹಕ್ಕಿಯ ಮರಿಗಳು ಹಾರಿದ ಮೇಲೆಯೇ ಕೊಯ್ದಿದ್ದಾರೆ. ಗೂಟ ನೆಟ್ಟ ಜಾಗಗಳಲ್ಲೇ ನಿಂತು ಪ್ರತಿವರ್ಷದ ಹಾಗೆ ಫೋಟೋ ತೆಗೆದಿದ್ದೇನೆ. ಲಗತ್ತಿಸಿದೆ. ಇಲ್ಲಿಗೆ ವರದಿ ಮುಗಿಯಿತು.

ಆರ್ಡಿಸ್, ಇನ್ನು ಮುಂದಿನದು ಟ್ರಸ್ಟಿನದಲ್ಲ. ನಿನ್ನ ಎರಡು ಎಕರೆಯಲ್ಲಿ ಪೊದೆ ಏಳುತ್ತಿತ್ತು. ಕುಡುಗೋಲು ತಗೊಂಡು ಹೋಗಿ ಕೊಯ್ದು ಬಂದೆ. ನೀನು ಬಂದು ಮನೆ ಕಟ್ಟುವಾಗ ಅಲ್ಲಿ ಕಾಡು ಬೆಳೆದಿದ್ದರೆ ನನ್ನನ್ನೇ ಬೈಯುತ್ತೀ. ಮೇಪಲ್ ಎಲೆ ಈ ಸಲ ತಡವಾಗಿ ಕೆಂಪಾಯಿತು, ಆದರೆ ಆಯಿತು. ನಿನ್ನ ಅಕ್ಕ ಇಡಾಳ ಸೊಂಟ ಹೇಗಿದೆ?

ಎಲ್ವಿನ್ ಸ್ಟಾರ್ಕಿ


ಟೂಸಾನ್, ಅರಿಝೋನಾ
3 ನವೆಂಬರ್ 1995

ಎಲ್ವಿನ್,

ನಿನ್ನ ವರದಿಯನ್ನು ಇಡಾಗೆ ಓದಿ ಹೇಳಿದೆ. ಅವಳು, "ಯಾರೇ ಇವ್ನು, ಕೋರ್ಟಿನವನಾ?" ಅಂದಳು. "ಅಲ್ವೇ, ರಸ್ತೆ ಕೆಲಸದ ಎಲ್ವಿನ್. ಶಾಲೆ ಒಲೆಗೆ ಹಸಿ ಸೌದೆ ತುಂಬಿಸಿ ಹೊಗೆ ಎಬ್ಬಿಸಿ ನಮ್ಗೆಲ್ಲ ರಜಾ ಕೊಡಿಸಿದ್ನಲ್ಲ, ಅವ್ನೇ" ಅಂದೆ. ಅಕ್ಕ ಸೊಂಟ ಮರೆತು ನಕ್ಕಳು. ಮೂಳೆ ಕೂಡಿದೆ, ಧೈರ್ಯ ಕೂಡಿಲ್ಲ. ಬಚ್ಚಲಿಗೆ ಹೋಗಲೂ ನನ್ನ ಕೈ ಬೇಕು. ಆರು ತಿಂಗಳು ಎಂದು ಬಂದವಳು ನಾನು, ಈಗ ವರ್ಷ ದಾಟಿದೆ.

ಇಲ್ಲಿ ಎಲೆ ಕೆಂಪಾಗುವುದಿಲ್ಲ. ಎಲೆಯೇ ಇಲ್ಲ. ಮುಳ್ಳುಕಳ್ಳಿಯ ಕಂಬಗಳು ಕೈ ಎತ್ತಿಕೊಂಡು ನಿಂತಿವೆ, ಪೊಲೀಸರು ಹಿಡಿದವರ ಹಾಗೆ. ಚೆಂದವೇ ಇರಬಹುದು, ಇಲ್ಲಿಯವರು ಹಾಗನ್ನುತ್ತಾರೆ. ನನಗೆ ಬೆಳಿಗ್ಗೆ ಎದ್ದ ಕೂಡಲೇ ಮೊದಲು ಬೇಕೆನಿಸುವುದು ಒದ್ದೆ ಹುಲ್ಲಿನ ವಾಸನೆ.

ಫೋಟೋಗಳನ್ನು ಅಡುಗೆಮನೆ ಗೋಡೆಗೆ ಅಂಟಿಸಿದ್ದೇನೆ. ಮೇಲಿನ ಹುಲ್ಲುಗಾವಲಿನಿಂದ ತೆಗೆದದ್ದು ನಡುವೆ. ನದಿಯ ತಿರುವು, ಚರ್ಚಿನ ಗೋಪುರ, ಆಚೆಯ ಬೆಟ್ಟದ ಸಾಲು, ಎಲ್ಲ ಇದ್ದಲ್ಲೇ ಇವೆ. ರಜಾಮನೆ ಕಟ್ಟುವ ಕಂಪನಿಯವನು ಅಲ್ಲೇ ನಿಂತು ರಾಯ್‌ಗೆ, "ನೀವು ಇಷ್ಟು ವರ್ಷ ಈ ನೋಟಾನ ದನಗಳಿಗೆ ಬಿಟ್ಕೊಟ್ಟಿದ್ರಲ್ಲ ಸಾರ್" ಅಂದಿದ್ದ, ನೆನಪಿದೆಯೇ? ರಾಯ್ ಅವನನ್ನು ಕಾರಿನ ತನಕ ಬಿಟ್ಟು ಬಂದು, "ದನ ಯಾವತ್ತೂ ಅದನ್ನ ಮಾರ್ತೀನಿ ಅಂದಿಲ್ಲ" ಅಂದ. ಆ ಸಂಜೆಯೇ ನಿನ್ನನ್ನು ಕರೆಸಿದ್ದು. ನೀನು ಚರ್ಚಿನ ನೆಲಮಾಳಿಗೆಯಲ್ಲಿ ಏಳೆಂಟು ಜನರನ್ನು ಕಟ್ಟಿಕೊಂಡು ಟ್ರಸ್ಟು ಟ್ರಸ್ಟು ಎಂದು ತಿರುಗುತ್ತಿದ್ದ ಕಾಲ. ನಿಮ್ಮ ಹತ್ತಿರ ಇದ್ದದ್ದು ಒಂದು ನಕ್ಷೆ, ಒಂದು ಕಾಫಿ ಪಾತ್ರೆ. ನಮ್ಮ ಮೇಜಿನ ಮೇಲೆ ನಕ್ಷೆ ಹರಡಿ ನೀನು ಹೇಳಿದ್ದು ನನಗೆ ಅಕ್ಷರಶಃ ನೆನಪಿದೆ. "ಜಮೀನು ನಿಮ್ದೇ ಇರತ್ತೆ. ಮಾರ್ಬಹುದು, ಉಳ್ಬಹುದು, ಮಕ್ಕಳಿಗೆ ಕೊಡ್ಬಹುದು. ಮನೆಗಳ ಸಾಲು ಕಟ್ಟೋ ಹಕ್ಕು ಒಂದನ್ನ ಮಾತ್ರ ನಮ್ಮ ಕೈಗೆ ಕೊಡಿ. ನಾವು ಅದನ್ನ ಯಾವತ್ತೂ ಬಳಸಲ್ಲ, ಯಾರಿಗೂ ಬಳಸೋಕೆ ಬಿಡಲ್ಲ." ನಿನ್ನ ಜೀವಮಾನದಲ್ಲಿ ನೀನು ಆಡಿದ ಅತಿ ಉದ್ದದ ಮಾತು ಅದು.

ಎರಡು ಎಕರೆ ಕೊಯ್ದದ್ದಕ್ಕೆ ಉಪಕಾರವಾಯಿತು. ಅಕ್ಕ ಕೈ ಬಿಟ್ಟು ನಡೆಯುವಂತಾದ ಕೂಡಲೇ ಬರುತ್ತೇನೆ. ಅಡುಗೆಮನೆ ಕಿಟಕಿ ಪಶ್ಚಿಮಕ್ಕೆ. ಅದು ಬಿಟ್ಟು ಬೇರೆ ಏನೂ ಯೋಚಿಸಿಲ್ಲ.

ಆರ್ಡಿಸ್


ಪೆಲ್ಟನ್
20 ಮಾರ್ಚ್ 1996

ಆರ್ಡಿಸ್,

ಕೆಸರುಗಾಲ ಶುರುವಾಯಿತು. ರಸ್ತೆ ಕೆಲಸದಿಂದ ನಿವೃತ್ತನಾದ ಮೇಲೂ ಕೆಸರು ಕಂಡರೆ ನನಗೆ ನಿದ್ದೆ ಬರುವುದಿಲ್ಲ. ಊರಸಭೆಯಲ್ಲಿ ಹೊಸ ಲಾರಿಯ ಬಗ್ಗೆ ಊಟದ ತನಕ ಜಗಳ. ಊಟದಲ್ಲಿ ನಿನ್ನ ಕಡುಬು ಇರಲಿಲ್ಲ. ಕಣಿವೆಯಾಚೆಯ ಕಾರ್ಲಿಸ್‌ನ ಹೆಂಡತಿ ಸೇಬಿನ ಕಡುಬು ಮಾಡಿದ್ದಳು. ತಿಂದೆವು. ಅಷ್ಟೇ ಹೇಳಬಲ್ಲೆ.

ನೇಟ್ ಮತ್ತು ಹಾನಾ ಮೇಪಲ್ ಮರಗಳಿಗೆ ಸಿಹಿರಸ ಹಿಡಿಯಲು ಬಕೆಟ್ ಕಟ್ಟಿದ್ದಾರೆ. ರಾಯ್ ಕಟ್ಟುತ್ತಿದ್ದ ಮರಗಳಿಗೇ. ಆ ಹುಡುಗಿಗೆ ಪಾಕ ಕಾಯಿಸುವ ಹದ ಇನ್ನೂ ಸಿಕ್ಕಿಲ್ಲ, ಒಂದು ಬಾಣಲೆ ಪೂರ್ತಿ ಸೀದುಹೋಯಿತು. ಅತ್ತಳಂತೆ. ಮರುದಿನ ಮತ್ತೆ ಕಾಯಿಸಿದಳು. ನಿನಗೆ ಅವಳು ಹಿಡಿಸುತ್ತಾಳೆ.

ನೆಲ ಒಣಗಿದ ಮೇಲೆ ನಿನ್ನ ಎರಡು ಎಕರೆಯಲ್ಲಿ ನೀರಿಂಗುವ ಪರೀಕ್ಷೆಗೆ ಗುಂಡಿ ತೋಡುತ್ತೇನೆ. ಆ ಪರೀಕ್ಷೆ ಆಗದೆ ಮನೆಗೆ ಪರವಾನಗಿ ಕೊಡುವುದಿಲ್ಲ. ಎಂಜಿನಿಯರ್ ಬಂದು ನೋಡುತ್ತಾನೆ. ತೋಡುವುದಕ್ಕೆ ಬೇರೆಯವರು ಬೇಡ, ನಾನೇ ತೋಡುತ್ತೇನೆ.

ಎಲ್ವಿನ್


ಟೂಸಾನ್
11 ಜೂನ್ 1996

ಎಲ್ವಿನ್,

ಹಾನಾಗೆ ಹೇಳು, ಪಾಕ ಸೀಯದೆ ಯಾರೂ ಕಲಿತಿಲ್ಲ. ನಾನು ಮದುವೆಯಾದ ಹೊಸದರಲ್ಲಿ ಎರಡು ಬಾಣಲೆ ಸೀಯಿಸಿ ಒಂದನ್ನು ಹಿಮದಲ್ಲಿ ಹೂತಿಟ್ಟಿದ್ದೆ. ಏಪ್ರಿಲಿನಲ್ಲಿ ಹಿಮ ಕರಗಿ ಅತ್ತೆಯ ಕಣ್ಣಿಗೆ ಬಿತ್ತು.

ಈಗ ಮೇಲಿನ ಹುಲ್ಲುಗಾವಲಿನಲ್ಲಿ ಬಾಬೊಲಿಂಕ್ ಗೂಡು ಕಟ್ಟಿರುತ್ತವೆ. ಹುಲ್ಲಿನ ಬುಡದಲ್ಲಿ, ನೆಲದ ಮೇಲೇ ಮೊಟ್ಟೆ ಇಡುವ ಪೆದ್ದು ಹಕ್ಕಿ. ಗಂಡು ಮೇಲೆ ಹಾರುತ್ತಾ ಹಾಡುವುದನ್ನು ಕೇಳಿದರೆ ಯಾರೋ ಪಿಟೀಲಿನ ತಂತಿಗಳ ಮೇಲೆ ಎಡವಿ ಬಿದ್ದ ಹಾಗೆ. ಕರಾರಿಗೆ ಸಹಿ ಹಾಕುವಾಗ ಜುಲೈ ಅರ್ಧ ಕಳೆಯುವ ತನಕ ಆ ಹುಲ್ಲು ಕೊಯ್ಯಕೂಡದು ಎಂದು ನೀವು ಬರೆದಿರಿ. ರಾಯ್ ಮೂರು ದಿನ ಮುಖ ಗಂಟು ಹಾಕಿಕೊಂಡಿದ್ದ. "ಬಲಿತ ಹುಲ್ಲು ದನಕ್ಕೆ ಹಾಕ್ಬೇಕಾ ಈಗ? ಆ ಹಕ್ಕಿ ನಂಗೆ ಹಾಲು ಕೊಡತ್ತಾ?" ನಾಲ್ಕನೆಯ ದಿನ ಅವನೇ ಗೂಡು ಹುಡುಕಿಕೊಂಡು ಬಂದು ನನ್ನನ್ನು ಕರೆದುಕೊಂಡು ಹೋಗಿ ತೋರಿಸಿದ. ಆಮೇಲೆ ಪ್ರತಿ ವರ್ಷ ಅವನೇ ಆ ಹೊಲದ ಕಾವಲುಗಾರ. ನನ್ನ ಗಂಡ ಸತ್ತದ್ದಕ್ಕಿಂತ, ಅವನು ಆ ಹುಲ್ಲಿನಲ್ಲಿ ಬಗ್ಗಿಕೊಂಡು ಹೆಜ್ಜೆ ಇಡುತ್ತಿದ್ದದ್ದು ನೆನಪಾದರೆ ನನಗೆ ಈಗ ಹೆಚ್ಚು ಅಳು ಬರುತ್ತದೆ.

ಇಲ್ಲಿ ಪಕ್ಕದ ಮನೆಯವಳು ದಿನಕ್ಕೊಂದು ಕೇಳುತ್ತಾಳೆ. ಸಕ್ಕರೆ, ಏಣಿ, ನಿನ್ನೆ ಇಡಾಳ ಕಾರನ್ನೇ ಕೇಳಿದಳು. ನಾಚಿಕೆ ಇಲ್ಲ, ಬೇಸರವೂ ಇಲ್ಲ, ಕೊಡದಿದ್ದರೆ ಸಿಟ್ಟೂ ಇಲ್ಲ. ನಾನು ಬೆರಗಾಗಿ ನೋಡುತ್ತೇನೆ. ನಮ್ಮ ಬೆಟ್ಟದಲ್ಲಿ ಯಾರು ಯಾರನ್ನು ಏನು ಕೇಳಿದ್ದಾರೆ? ರಾಯ್ ಕಾಲು ಮುರಿದುಕೊಂಡ ವರ್ಷ ಕೊಯ್ದ ಹುಲ್ಲು ಹೊಲದಲ್ಲೇ ಇತ್ತು, ಆಕಾಶ ಕಪ್ಪಾಗಿತ್ತು. ನಾನು ಯಾರಿಗೂ ಫೋನ್ ಮಾಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ದಾರಿ ತುಂಬ ಟ್ರ್ಯಾಕ್ಟರುಗಳು, ಮುಂದಿನದರಲ್ಲಿ ನೀನು. ಕೇಳಿದರೆ ಎದುರಿನವನಿಗೆ ಇಲ್ಲ ಎನ್ನಲು ಬಾಯಿ ಬರುವುದಿಲ್ಲ, ಅದು ಅವನ ಕೈ ತಿರುಚಿದ ಹಾಗೆ ಎನ್ನುತ್ತಿದ್ದಳು ಅಮ್ಮ. ಕೇಳದೆ ಬದುಕುವುದೇ ಮರ್ಯಾದೆ ಎಂದುಕೊಂಡು ಬೆಳೆದವರು ನಾವು. ಈ ಹೆಂಗಸನ್ನು ನೋಡಿದ ಮೇಲೆ ನನಗೆ ಸ್ವಲ್ಪ ಅನುಮಾನ ಬಂದಿದೆ.

ಗುಂಡಿ ತೋಡಿದೆಯಾ?

ಆರ್ಡಿಸ್


ಪೆಲ್ಟನ್
9 ಅಕ್ಟೋಬರ್ 1996

ಆರ್ಡಿಸ್,

ತಡವಾಯಿತು. ಈ ವರ್ಷದ ನಡಿಗೆ ಮುಗಿಯಿತು. ಗಡಿ ಸರಿಯಾಗಿದೆ. ಹಕ್ಕಿಗಳು ಬಂದಿದ್ದವು, ಹೋದವು. ಬೇಸಿಗೆಯಲ್ಲಿ ಮಳೆ ಜೋರಾಗಿತ್ತು, ಹಳ್ಳ ಸ್ವಲ್ಪ ಏರಿತ್ತು. ಮೇಲಿನ ಹುಲ್ಲುಗಾವಲಿನ ಫೋಟೋ ಕಳಿಸಿದ್ದೇನೆ. ಕೆಳಗಿನ ಗೂಟದ ಹತ್ತಿರದ್ದು ಬಂದಿಲ್ಲ, ಫಿಲ್ಮಿಗೆ ಬೆಳಕು ಬಿದ್ದಿತ್ತು.

ಗುಂಡಿ ತೋಡಿದೆ. ಎಂಜಿನಿಯರ್ ನೀರು ಸುರಿದು ಗಡಿಯಾರ ನೋಡುತ್ತ ಕೂತಿದ್ದ. ಕೊನೆಗೆ, "ಈ ಬೆಟ್ಟದಲ್ಲೇ ಇಷ್ಟು ಒಳ್ಳೆ ನೆಲ ಇನ್ನೊಂದಿಲ್ಲ. ಎತ್ತರ ಇದೆ, ಗಟ್ಟಿ ಇದೆ, ಒಣಗಿದೆ" ಅಂದ. ನಿನ್ನ ಅಡುಗೆಮನೆ ಎಲ್ಲಿ ಬರುತ್ತದೋ ಅಲ್ಲಿ ನಾಲ್ಕು ಕಡ್ಡಿ ನೆಟ್ಟು ಹುರಿ ಕಟ್ಟಿದ್ದೇನೆ. ಪಶ್ಚಿಮದ ಕಡೆ ನಿಂತು ನೋಡಿದೆ. ಬೆಟ್ಟದ ಅರ್ಧ ಕಾಣುತ್ತದೆ, ಮಿಕ್ಕ ಅರ್ಧಕ್ಕೆ ಮೇಪಲ್ ಸಾಲು ಅಡ್ಡ. ಸಾಲದೇ?

ಪ್ರೂಯಿಟ್ ದಂಪತಿ ಚೆನ್ನಾಗಿದ್ದಾರೆ.

ಎಲ್ವಿನ್


ಟೂಸಾನ್
6 ಜನವರಿ 1997

ಎಲ್ವಿನ್ ಸ್ಟಾರ್ಕಿ,

ಹೊಸ ವರ್ಷದ ದಿನ ಹಾನಾ ಫೋನ್ ಮಾಡಿದಳು. ಪಾಪ, ಶುಭಾಶಯ ಹೇಳಲು. ನಾನು ಗಡಿಯಾರ ನೋಡಿ, "ಇದೇನೇ ಹುಡುಗಿ, ಹಾಲು ಕರೆಯೋ ಹೊತ್ತಲ್ವಾ? ದನ ಕೂಗೋದೇ ಕೇಳ್ತಿಲ್ಲ" ಅಂದೆ. ಅವಳು, "ದನ ಇಲ್ಲಿಲ್ಲ, ಮಿಸೆಸ್ ಟೆನ್ನಿ. ನಿಮಗೆ ಗೊತ್ತಿದೆ ಅಂದ್ಕೊಂಡಿದ್ದೆ" ಅಂದಳು.

ಹಳ್ಳ ಸ್ವಲ್ಪ ಏರಿತ್ತು ಎಂದು ಬರೆದೆಯಲ್ಲ ಪುಣ್ಯಾತ್ಮ. ನನ್ನ ಮಾವ ಕಟ್ಟಿದ ಕೊಟ್ಟಿಗೆಯ ಅಡಿಪಾಯವನ್ನೇ ಕೊಚ್ಚಿಕೊಂಡು ಹೋಗುವಷ್ಟು ಸ್ವಲ್ಪ! ಜುಲೈಯಿಂದ ಆ ಮಕ್ಕಳು ಕಾರ್ಲಿಸ್‌ನ ಕೊಟ್ಟಿಗೆಯಲ್ಲಿ ದನ ಕಟ್ಟಿ, ಬೆಳಿಗ್ಗೆ ಸಂಜೆ ಕಣಿವೆ ದಾಟಿ ಹಾಲು ಕರೆಯಲು ಹೋಗುತ್ತಿದ್ದಾರೆ. ಬೇಸಿಗೆಗೆ ಕಾರ್ಲಿಸ್‌ನ ಮಗನಿಗೆ ಕೊಟ್ಟಿಗೆ ಬೇಕು. ಅಷ್ಟರಲ್ಲಿ ಹೊಸ ಕೊಟ್ಟಿಗೆ ಏಳದಿದ್ದರೆ ದನ ಮಾರಿ ಜಮೀನು ಬಿಟ್ಟು ಹೋಗುತ್ತಾರೆ. ಹಳ್ಳದ ಪಕ್ಕ ಮತ್ತೆ ಕಟ್ಟಲು ಅನುಮತಿ ಇಲ್ಲ. ಮೇಲಿನ ಹುಲ್ಲುಗಾವಲಿನಲ್ಲಿ ಕಟ್ಟಲು ಟ್ರಸ್ಟು ಬಿಡುವುದಿಲ್ಲ. ಇನ್ನೆಲ್ಲಿ ಜಾಗ ಇದೆ ಎಂದು ಕೇಳಿದರೆ ಆ ಹುಡುಗಿ, "ಎಲ್ಲೂ ಇಲ್ಲ" ಅಂದಳು. ಎಲ್ಲೂ ಇಲ್ಲ ಎನ್ನುವಾಗ ಅವಳ ದನಿ ಎಷ್ಟು ಎಚ್ಚರದಿಂದ ಇತ್ತು ಎಂದರೆ, ಫೋನ್ ಇಟ್ಟ ಮೇಲೆ ನನಗೆ ನನ್ನ ಎರಡು ಎಕರೆ ಹೊಳೆಯಿತು.

ಎತ್ತರ ಇದೆ, ಗಟ್ಟಿ ಇದೆ, ಒಣಗಿದೆ. ನೀನೇ ಬರೆದದ್ದು.

ಅಲ್ಲಿ ಹುರಿ ಕಟ್ಟಿಕೊಂಡು ಅಡುಗೆಮನೆ ಅಳೆಯುತ್ತ ಕೂತಿದ್ದೆಯಾ ನೀನು? ನಾನು ಎರಡು ಎಕರೆ ಹಿಡಿದುಕೊಂಡು ಕೂರುವ ಜಿಪುಣಿ, ಕೇಳಿದರೆ ಮುಖ ತಿರುಗಿಸುತ್ತಾಳೆ ಎಂದು ನಿಮ್ಮ ಸಮಿತಿಯೆಲ್ಲ ಸೇರಿ ತೀರ್ಮಾನ ಮಾಡಿದಿರಾ? ಬೇರೆ ಯಾರೇ ಅಂದುಕೊಳ್ಳಲಿ, ನೀನು ಅಂದುಕೊಂಡದ್ದು ನನ್ನ ಹೊಟ್ಟೆಗೆ ಬೆಂಕಿ ಹಾಕಿದೆ. ಕೊಟ್ಟಿಗೆ ಕಡೆಯ ಆ ಫೋಟೋಗೆ ಬೆಳಕು ಬಿದ್ದಿತ್ತಂತೆ.

ಆರ್ಡಿಸ್


ಪೆಲ್ಟನ್
2 ಫೆಬ್ರವರಿ 1997

ಆರ್ಡಿಸ್,

ನಿನ್ನ ಕಾಗದ ಬಂದು ಮೂರು ವಾರವಾಯಿತು. ಬರೆದು ಬರೆದು ಒಲೆಗೆ ಹಾಕಿದೆ.

ನಡೆದದ್ದು ಇದು. ಕೊಟ್ಟಿಗೆ ಕೊಚ್ಚಿಹೋದ ವಾರದಲ್ಲೇ ಸಮಿತಿ ಕೂತಿತು. ನೇಟ್ ಮೇಲಿನ ಹುಲ್ಲುಗಾವಲಿನ ಮೂಲೆ ಕೊಡಿ ಎಂದ. ಹಕ್ಕಿಯವರು ಆಗುವುದಿಲ್ಲ ಎಂದರು. ನೋಟದವರು, ಕಣಿವೆಯ ಯಾವ ಮೂಲೆಯಿಂದ ನೋಡಿದರೂ ತಗಡಿನ ಸೂರೇ ಕಾಣುತ್ತದೆ ಎಂದರು. ಹೊಲದವರು, "ಹಕ್ಕಿ ಉಳ್ಸಿ, ನೋಟ ಉಳ್ಸಿ, ರೈತನ್ನ ಓಡ್ಸಿ. ಆಮೇಲೆ ಆ ಹುಲ್ಲನ್ನ ಯಾರು ಕೊಯ್ತಾರೆ, ನೀವಾ?" ಎಂದು ಮೇಜು ಗುದ್ದಿದರು. ಹತ್ತು ವರ್ಷ ಒಟ್ಟಿಗೆ ಕಾಫಿ ಪಾತ್ರೆ ತೊಳೆದವರು ಒಬ್ಬರ ಮುಖ ಒಬ್ಬರು ನೋಡದೆ ಎದ್ದು ಹೋದರು. ಎಲ್ಲರೂ ಹೇಳಿದ್ದು ನಿಜವೇ ಆಗಿತ್ತು, ಅದೇ ಕಷ್ಟ. ಹುಲ್ಲು ಕೊಯ್ಯುವವರು ಇಲ್ಲದಿದ್ದರೆ ಐದು ವರ್ಷಕ್ಕೆ ಅಲ್ಲಿ ಪೊದೆ, ಹತ್ತು ವರ್ಷಕ್ಕೆ ಕಾಡು. ಹಕ್ಕಿಯೂ ಇಲ್ಲ, ನೋಟವೂ ಇಲ್ಲ.

ಆಗ ಯಾರೋ ನಕ್ಷೆಯಲ್ಲಿ ನಿನ್ನ ಎರಡು ಎಕರೆಯ ಮೇಲೆ ಬೆರಳಿಟ್ಟರು. ಬಿಳಿಯಾಗಿ ಬಿಟ್ಟ ಚೌಕ ಅದೊಂದೇ. ಎಲ್ಲರೂ ನನ್ನ ಕಡೆ ನೋಡಿದರು. ನಾನು, "ಅವಳನ್ನ ಯಾರೂ ಕೇಳ್ಬಾರ್ದು" ಅಂದೆ. ನೇಟ್ ತಲೆ ತಗ್ಗಿಸಿ, "ನಾವೂ ಕೇಳಲ್ಲ ಬಿಡಿ. ಅವ್ರು ವಾಪಸ್ ಬರೋಕೆ ಇಟ್ಕೊಂಡಿರೋ ಜಾಗ ಅದು" ಅಂದ.

ನೀನು ಜಿಪುಣಿ ಎಂದಲ್ಲ, ಆರ್ಡಿಸ್. ಕೇಳಿದರೆ ನೀನು ಆ ಕ್ಷಣವೇ ಹೂಂ ಎನ್ನುತ್ತೀ ಎಂದು ಗೊತ್ತಿತ್ತು. ಅದಕ್ಕೇ ಬೇಡ ಎಂದೆ. ಇನ್ನೊಂದು ಕಾರಣವೂ ಇತ್ತು. ಅದು ಟ್ರಸ್ಟಿಗೆ ಸಂಬಂಧಿಸಿದ್ದಲ್ಲ.

ಫಿಲ್ಮಿಗೆ ಬೆಳಕು ಬಿದ್ದಿರಲಿಲ್ಲ.

ಎಲ್ವಿನ್


ಟೂಸಾನ್
5 ಮಾರ್ಚ್ 1997

ಎಲ್ವಿನ್,

ಸಿಟ್ಟು ಇಳಿಯಿತು. ಇಳಿಯಲು ಹೊತ್ತು ಹಿಡಿಯಿತು, ನಾನು ಟೆನ್ನಿಯಾಗುವ ಮುಂಚೆ ಹೊವರ್ಡ್ ಮನೆತನದವಳು, ನಮ್ಮದು ದಪ್ಪ ಕಬ್ಬಿಣ, ಬೇಗ ಆರುವುದಿಲ್ಲ.

ಇದರ ಜೊತೆ ಇರುವುದು ಇಲ್ಲಿಯ ವಕೀಲರ ಹತ್ತಿರ ಮಾಡಿಸಿದ ಕಾಗದ. ಎರಡು ಎಕರೆ ನೇಟ್ ಮತ್ತು ಹಾನಾಗೆ. ಅದೂ ಇನ್ನು ಕರಾರಿನೊಳಗೆ ಸೇರಲಿ. ದನದ ಕೊಟ್ಟಿಗೆ ಬಿಟ್ಟು ಬೇರೆ ಏನೂ ಅಲ್ಲಿ ಏಳಬಾರದು, ನನಗಾಗಿಯೂ ಅಲ್ಲ, ನನ್ನ ನಂತರದವರಿಗಾಗಿಯೂ ಅಲ್ಲ. ಸೂರು ಮೇಪಲ್ ಸಾಲಿಗಿಂತ ತಗ್ಗಾಗಿರಲಿ. ತಗಡಿಗೆ ಹಸಿರು ಬಣ್ಣ ಹೊಡೆಯಬೇಡಿ, ಹಸಿರು ಎಂದರೆ ಯಾರಿಗೂ ಕಾಣುವುದಿಲ್ಲ ಎಂದುಕೊಳ್ಳುವವರಿದ್ದಾರೆ. ಕೊಟ್ಟಿಗೆ ಕೊಟ್ಟಿಗೆಯ ಹಾಗೆಯೇ ಕಾಣಲಿ. ಹಾನಾ ಫೋನಿನಲ್ಲಿ ಅತ್ತಳು, ನಾನು ಗದರಿಸಿದೆ, ಆಮೇಲೆ ನಾನೂ ಅತ್ತೆ.

ಸುಲಭವಾಗಿ ಸಹಿ ಹಾಕಿದೆ ಎಂದರೆ ಸುಳ್ಳು. ಎರಡೂವರೆ ವರ್ಷ ನಾನು ಪ್ರತಿ ರಾತ್ರಿ ಆ ಎರಡು ಎಕರೆಯಲ್ಲಿ ಮನೆ ಕಟ್ಟಿ ಮಲಗಿದ್ದೇನೆ. ಬಾಗಿಲು ಎಲ್ಲಿ, ಒಲೆ ಎಲ್ಲಿ, ಸೌದೆ ಯಾವ ಗೋಡೆಗೆ, ಎಲ್ಲ ಗೊತ್ತು. ಈ ಬಿಸಿಲಿನಲ್ಲಿ ನನ್ನನ್ನು ತಂಪಾಗಿಟ್ಟದ್ದು ಅದು. ಆದರೆ ಟೆನ್ನಿ ಬೆಟ್ಟದಲ್ಲಿ ಹಾಲು ಕರೆಯುವವರಿಲ್ಲದ ಮೇಲೆ ಅಲ್ಲಿ ಒಬ್ಬ ಮುದುಕಿ ಕಿಟಕಿಯಲ್ಲಿ ಕೂತು ಏನು ನೋಡಬೇಕು? ಎಪ್ಪತ್ತರ ಹತ್ತಿರ ಬಂದವಳಿಗೆ ಹೊಸ ಮನೆ ಯಾಕೆ ಎಂದು ಇಡಾ ಮೊದಲಿಂದಲೂ ಹೇಳುತ್ತಿದ್ದಳು. ಅವಳು ಈಗೀಗ ಹಾಸಿಗೆ ಬಿಟ್ಟು ಏಳುವುದು ಕಡಿಮೆ.

ಇನ್ನು ಆ ಬೆಟ್ಟದಲ್ಲಿ ನನ್ನ ಹೆಸರಿನಲ್ಲಿ ಏನೂ ಇಲ್ಲ. ಅಂದಮೇಲೆ ನನಗೆ ವರದಿ ಕಳಿಸುವ ಕೆಲಸವೂ ನಿನಗಿಲ್ಲ. ಬಿಡುವಾಯಿತು ನೋಡು.

ಆರ್ಡಿಸ್


ಪೆಲ್ಟನ್
28 ಏಪ್ರಿಲ್ 1997

ಶ್ರೀಮತಿ ಆರ್ಡಿಸ್ ಟೆನ್ನಿ ಅವರಿಗೆ,

ತಾವು ಕಳಿಸಿದ ದಾನಪತ್ರ ತಲುಪಿ ಊರ ಕಚೇರಿಯಲ್ಲಿ ನೋಂದಣಿಯಾಗಿದೆ. ಟ್ರಸ್ಟಿನ ಸಮಿತಿಯು ತಮಗೆ ಹೃತ್ಪೂರ್ವಕ ಕೃತಜ್ಞತೆಗಳನ್ನು ಸಲ್ಲಿಸುತ್ತದೆ. ತಾವು ಈಗ ಸದರಿ ಜಮೀನಿನಲ್ಲಿ ಯಾವುದೇ ಹಕ್ಕು ಹೊಂದಿಲ್ಲದ ಕಾರಣ ತಮ್ಮೊಂದಿಗಿನ ಪತ್ರವ್ಯವಹಾರದ ಕಡತವನ್ನು ಇಂದಿಗೆ ಮುಕ್ತಾಯ ಮಾಡಲಾಗಿದೆ.

ತಮ್ಮ ವಿಧೇಯ,
ಎಲ್ವಿನ್ ಸ್ಟಾರ್ಕಿ
ನಡಿಗೆ ಸಮಿತಿ, ಪೆಲ್ಟನ್ ಕಣಿವೆ ಭೂ ಟ್ರಸ್ಟ್


ಪೆಲ್ಟನ್
19 ಅಕ್ಟೋಬರ್ 1997

ಆರ್ಡಿಸ್,

ಏಳು ತಿಂಗಳು ನಿನ್ನ ಕಾಗದ ಇಲ್ಲ. ಬರಬೇಕೆಂದು ಕಾಯುವ ಹಕ್ಕು ನನಗಿಲ್ಲ, ನಾನು ಕಳಿಸಿದ ಕೊನೆಯ ಕಾಗದ ಹಾಗಿತ್ತು. ನೀನು ಬಿಡುವಾಯಿತು ಎಂದು ಬರೆದಿದ್ದೆ. ನನ್ನ ಕಾಟ ತಪ್ಪಿತು ಎನ್ನುತ್ತಿದ್ದಾಳೆ ಎಂದುಕೊಂಡೆ. ಅಂಚೆ ಪೆಟ್ಟಿಗೆಗೆ ಹಾಕಿ ಮನೆಗೆ ಬರುವಷ್ಟರಲ್ಲಿ ಬೇರೆ ಥರವೂ ಓದಬಹುದಿತ್ತು ಎಂದು ಹೊಳೆಯಿತು. ಪೆಟ್ಟಿಗೆಯಿಂದ ವಾಪಸ್ ತೆಗೆಯಲು ಬರುವುದಿಲ್ಲವಲ್ಲ.

ಕೊಟ್ಟಿಗೆ ಎದ್ದಿತು. ಜೂನ್ ಎರಡನೇ ಶನಿವಾರ ಕಣಿವೆಯವರೆಲ್ಲ ಬಂದಿದ್ದರು. ಹಕ್ಕಿಯವರು ಒಂದು ತುದಿ ಎತ್ತಿದರು, ಹೊಲದವರು ಇನ್ನೊಂದು ತುದಿ. ನಾಲ್ಕು ಗಂಟೆಗೆ ಚೌಕಟ್ಟು ನಿಂತಿತ್ತು. ಮರುದಿನ ದನಗಳನ್ನು ರಸ್ತೆಯಲ್ಲಿ ನಡೆಸಿಕೊಂಡೇ ತಂದರು. ಮುಂದಿನ ಹಸು ಹೊಸ ಬಾಗಿಲಲ್ಲಿ ನಿಂತು ಒಳಗೆ ಹೋಗಲೇ ಒಲ್ಲದು. ಹಾನಾ ಅದರ ಕಿವಿಯಲ್ಲಿ ಏನೋ ಹೇಳಿದಳು, ಹೋಯಿತು. ತಗಡಿಗೆ ಬಣ್ಣ ಹೊಡೆದಿಲ್ಲ.

ನಿನ್ನೆ ಗಡಿ ನಡೆದು ಬಂದೆ. ಮೇಲಿನ ಹುಲ್ಲುಗಾವಲಿನ ಗೋಡೆಯ ಮೇಲೆ ಕೂತೆ. ರಾಯ್ ಇದ್ದಾಗ ಹುಲ್ಲು ಕೊಯ್ದ ಕೊನೆಯ ದಿನ ನಾವೆಲ್ಲ ಅಲ್ಲಿ ಕೂತು ಶುಂಠಿ ನೀರು ಕುಡಿಯುತ್ತಿದ್ದೆವು, ನೀನು ಚಪ್ಪಲಿ ಬಿಟ್ಟು ಕಾಲು ಚಾಚಿರುತ್ತಿದ್ದೆ. ನಾನು ಆ ಕರಾರು, ಆ ನಕ್ಷೆ, ಆ ಸಮಿತಿ ಎಲ್ಲ ಮಾಡಿದ್ದು ಊರಿಗಾಗಿ ಎಂದು ಸಭೆಯಲ್ಲಿ ಹೇಳುತ್ತೇನೆ. ನಿಜವೇ. ಆದರೆ ಆ ಗೋಡೆ, ಆ ಹೊತ್ತು ಹಾಗೇ ಇರಲಿ ಎಂಬ ಆಸೆ ಅದರೊಳಗಿತ್ತು. ಹೊಲ ಹಾಗೇ ಇದೆ. ಗೋಡೆಯ ಮೇಲೆ ನಾನೊಬ್ಬನೇ ಕೂತಿದ್ದೆ. ಅಲ್ಲಿ ಕೂತಾಗ ನನಗೆ ತಡೆಯಲಾಗಲಿಲ್ಲ, ಆರ್ಡಿಸ್. ಅತ್ತೆ.

ಟ್ರಸ್ಟಿಗೆ ಸಂಬಂಧಿಸದ ಕಾರಣ ಎಂದು ಬರೆದಿದ್ದೆನಲ್ಲ. ಎರಡು ಎಕರೆ ಕೊಟ್ಟರೆ ನೀನು ಬರುವುದಿಲ್ಲ, ಅದು. ಆ ಎಳೆಯರು ಕಣಿವೆ ದಾಟಿ ಹಾಲು ಕರೆಯುತ್ತಿದ್ದಾಗಲೂ ನಾನು ಬಾಯಿ ಮುಚ್ಚಿಕೊಂಡಿದ್ದದ್ದು ಅದಕ್ಕೆ.

ಈಗ ಕೇಳುತ್ತಿದ್ದೇನೆ. ನಮ್ಮ ಬೆಟ್ಟದ ಪದ್ಧತಿಗೆ ವಿರುದ್ಧವಾಗಿ, ನಿನ್ನ ಅಮ್ಮ ಇದ್ದಿದ್ದರೆ ಪೊರಕೆ ತರುತ್ತಿದ್ದಳು. ನೀನು ಬಂದು ನನ್ನ ಮನೆಯಲ್ಲಿ ಇರುತ್ತೀಯಾ? ಅಕ್ಕನನ್ನೂ ಕರೆದುಕೊಂಡು ಬಾ, ಕೆಳಗಿನ ಕೋಣೆಗೆ ಮೆಟ್ಟಿಲಿಲ್ಲ. ಮೇಲಿನದು ನಿನಗೆ. ಮದುವೆಯೋ ಅಲ್ಲವೋ ನೀನು ಹೇಳಿದ ಹಾಗೆ, ಪಾದ್ರಿಗೆ ಈಗ ಕೆಲಸ ಕಡಿಮೆ. ನನ್ನ ಅಡುಗೆಮನೆಯಿಂದ ನಿನ್ನ ಬೆಟ್ಟ ಪೂರ್ತಿ ಕಾಣುತ್ತದೆ, ಮೇಪಲ್ ಅಡ್ಡ ಬರುವುದಿಲ್ಲ. ಇಷ್ಟು ವರ್ಷ ನಾನು ಅದನ್ನು ನಿನಗೆ ಹೇಳಲಿಲ್ಲ.

ನಿನ್ನ ಕೈ ತಿರುಚುತ್ತಿಲ್ಲ. ಇಲ್ಲ ಎನ್ನಲು ನಿನಗೆ ಬಾಯಿ ಬರುತ್ತದೆ ಎಂದು ನನಗೆ ಗೊತ್ತು. ರೈತಸಂಘದ ಕುಣಿತದಲ್ಲಿ ನಾನು ಜೊತೆಗೆ ಕರೆದಾಗ ಒಮ್ಮೆ ಅಂದಿದ್ದೆ, ಆಗ ನಿನಗೆ ಹತ್ತೊಂಬತ್ತು.

ಎಲ್ವಿನ್


ಟೂಸಾನ್
27 ಅಕ್ಟೋಬರ್ 1997

ಎಲ್ವಿನ್,

ಬರುತ್ತೇನೆ. ಹತ್ತನೇ ತಾರೀಕಿಗೆ ರೈಲು ಹತ್ತುತ್ತೇನೆ, ವಿಮಾನ ನನಗಾಗದು. ಕುಣಿತದಲ್ಲಿ ಇಲ್ಲ ಅಂದದ್ದು ನಿನ್ನ ಬೂಟಿಗೆ, ನಿನಗಲ್ಲ. ಸೆಗಣಿ ಮೆತ್ತಿತ್ತು.

ಮೇಲಿನ ಕೋಣೆ ಬೇಡ, ನನ್ನ ಮಂಡಿ ಮೆಟ್ಟಿಲಿಗೆ ಒಗ್ಗುವುದಿಲ್ಲ. ಕೆಳಗಿನದು ಕೊಡು, ಅದು ಖಾಲಿಯೇ ಇರುತ್ತದೆ.

ಇಡಾ ಜೂನಿನಲ್ಲೇ ತೀರಿಕೊಂಡಳು. ಮನೆ ಮಾರಿದ್ದೇನೆ, ಪೆಟ್ಟಿಗೆ ಕಟ್ಟಿ ಎರಡು ತಿಂಗಳಾಯಿತು, ಅದರ ಮೇಲೇ ಕೂತು ಇದನ್ನು ಬರೆಯುತ್ತಿದ್ದೇನೆ. ಅವಳು ಹೋದ ರಾತ್ರಿಯೇ ನಿನಗೆ ಬರೆಯಲು ಕೂತಿದ್ದೆ, ಎಲ್ವಿನ್. ಬರೆಯಲಿಲ್ಲ. ಬರೆದಿದ್ದರೆ ಕೇಳಿದ ಹಾಗಾಗುತ್ತಿತ್ತು.

ಆರ್ಡಿಸ್